ಅಪ್‌ಡೇಟ್: ಇಗ್ಬೋ (ನೈಜೀರಿಯಾದ ಒಂದು ಭಾಷೆ) ನಾಮಪದದ ನಡುವೆ ಬರೋ 'ಉ' ಎಲ್ಲಿಂದ, ಉತ್ತರ ಸಿಕ್ತು

ಹೋದ ವಾರ ಕೇಳಿದ್ದೆ ನೋಡಿ, ಇಗ್ಬೋದಲ್ಲಿ 'ರಿ' (ತಿನ್ನು) ಧಾತುವಿಂದ 'ಒರಿರಿ' (ತಿನ್ನೋದು) ಅನ್ನೋ ನಾಮಪದ ಆಗೋದು ಅರ್ಥ ಆಗುತ್ತೆ, ಮುಂದೆ ಒಂದು ಸ್ವರ ಹಾಕಿ ಧಾತುನ ಎರಡು ಸಲ ಹೇಳಿದ್ರಾಯ್ತು, ಆದ್ರೆ 'ಮೆ' (ಮಾಡು) ಯಾಕೆ 'ಒಮೆಮೆ' ಆಗದೆ 'ಒಮುಮೆ' (ನಡತೆ) ಆಗುತ್ತೆ ಅಂತ. ಡಿಕ್ಷನರಿ ನೋಡಿ ಬಾಯಿಪಾಠ ಮಾಡಿ ಅಂದವರ ಸಲಹೆ ಕೆಲಸಕ್ಕೆ ಬರಲಿಲ್ಲ, ಹೊಸ ಪದ ಬಂದಾಗೆಲ್ಲ ಮತ್ತೆ ಅದೇ ಕಥೆ. ಟೋನ್ (ದನಿಯ ಏರಿಳಿತ) ಕಾರಣ ಅಂದಿದ್ದೂ ಅಲ್ಲ. ಟೋನ್ ಮುಖ್ಯಾನೇ, 'ಅಕ್ವಾ' ಒಂದೇ ಟೋನ್ ಬದಲಾದಂತೆ ಅಳು, ಬಟ್ಟೆ, ಮೊಟ್ಟೆ, ಹಾಸಿಗೆ ಎಲ್ಲಾ ಆಗುತ್ತೆ, ಆದ್ರೆ ಈ 'ಉ'ಗೂ ಅದಕ್ಕೂ ಸಂಬಂಧ ಇಲ್ಲ.

ಕೈ ಹಿಡಿದಿದ್ದು "ಧಾತುವಿನ ವ್ಯಂಜನ ನೋಡಿ" ಅಂದವರ ಮಾತು, ತುಂಬಾ ಥ್ಯಾಂಕ್ಸ್! ಧಾತುವಲ್ಲಿ ಇ, ಉ ಇದ್ರೆ ಅದೇ ಕಾಪಿ ಆಗುತ್ತೆ. ಅ, ಎ ಇದ್ರೆ ಮೊದಲು ಬರೋ ನಕಲಲ್ಲಿ ನಾಲಿಗೆ ಮೇಲಕ್ಕೆ ಏರಿ ಸ್ವರ ಬದಲಾಗುತ್ತೆ, ತುಟಿ ಸೇರಿಸಿ ಹೇಳೋ ವ್ಯಂಜನ ಆದ್ರೆ 'ಉ', ಇಲ್ಲಾಂದ್ರೆ 'ಇ'. ಅದಕ್ಕೇ ಮೆ–ಒಮುಮೆ, ಕ್ವೆ–ಒಕ್ವುಕ್ವೆ (ನಂಬಿಕೆ), ಆದ್ರೆ ಜ಼ಾ–ಒಜ಼ಿಜ಼ಾ (ಉತ್ತರ). ಸ್ವರಾನೇ ದುಂಡಗಿದ್ರೂ 'ಉ'ನೇ, ತೊ–ಒತುತೊ (ಹೊಗಳಿಕೆ). ಕನ್ನಡ ಲಿಪೀಲಿ ಕಾಣಲ್ಲ, ಆದ್ರೆ ಒಜ಼ಿಜ಼ಾದ ಒ, ಇ ಎರಡಕ್ಕೂ ಇಗ್ಬೋ ಬರಹದಲ್ಲಿ ಕೆಳಗೆ ಚುಕ್ಕಿ ಇರುತ್ತೆ, ಒಮುಮೆಗೆ ಇರಲ್ಲ. ಎಂಟು ಸ್ವರ ನಾಲ್ಕು-ನಾಲ್ಕರ ಎರಡು ಗುಂಪು, ಚುಕ್ಕಿ ಇರೋವು 'ಅ' ಜೊತೆ ಒಂದು ಕಡೆ, ಉಳಿದವು ಇನ್ನೊಂದು ಕಡೆ, ಪ್ರತ್ಯಯ ಧಾತುವಿನ ಗುಂಪಿಗೇ ಹೊಂದ್ಕೊಳ್ಳುತ್ತೆ.

ನಂಗೆ ಆಶ್ಚರ್ಯ ಆಗಿದ್ದು ಸಮಾಸದಲ್ಲಿ ಈ ಗುಂಪಿನ ನಿಯಮ ನಡೆಯಲ್ಲ ಅನ್ನೋದು. ವಿಮಾನಕ್ಕೆ 'ಉಗ್ಬೊಎಲು', ಆಕಾಶದ ವಾಹನ ಅಂತ, ಉಗ್ಬೊ ಚುಕ್ಕಿ ಗುಂಪು, ಎಲು ಇನ್ನೊಂದು, ಎರಡೂ ತಮ್ಮ ಸ್ವರ ಬಿಟ್ಟುಕೊಡದೆ ಪಕ್ಕಪಕ್ಕ ಕೂತಿವೆ.