‘ರೌಂಡ್’ ಎಂಬುದು ಯಾವ ಪದವರ್ಗ?

ಪ್ರಶ್ನೆ (ಜಯನಗರದಿಂದ ಒಬ್ಬ ತಾಯಿ):
ಏಳನೆಯ ತರಗತಿಯ ನನ್ನ ಮಗಳು ಕೇಳಿದಾಗ ‘ರೌಂಡ್’ ಗುಣವಾಚಕವೆಂದು ಹೇಳಿಬಿಟ್ಟೆ. ಆದರೆ ನಿಘಂಟಿನಲ್ಲಿ ಅದೇ ಪದವನ್ನು ನಾಮಪದ, ಕ್ರಿಯಾಪದ, ಪ್ರಿಪೊಸಿಷನ್ ಎಂದೂ ಕೊಟ್ಟಿದ್ದಾರೆ. ಇದನ್ನು ಗುರುತಿಸುವುದು ಹೇಗೆ?

ಉತ್ತರ 1:
ಪದವನ್ನು ಒಂಟಿಯಾಗಿ ನೋಡಿ ಪದವರ್ಗ ಹೇಳಲಾಗದು, ವಾಕ್ಯದಲ್ಲಿ ಅದು ಕುಳಿತ ಸ್ಥಾನವನ್ನೇ ನೋಡಬೇಕು. ‘ಎ ರೌಂಡ್ ಟೇಬಲ್’ ಎಂಬಲ್ಲಿ ಗುಣವಾಚಕ, ‘ದ ಫೈನಲ್ ರೌಂಡ್’ ಎಂಬಲ್ಲಿ ನಾಮಪದ, ‘ದ ಬಸ್ ರೌಂಡೆಡ್ ದ ಕಾರ್ನರ್’ ಎಂಬಲ್ಲಿ ಕ್ರಿಯಾಪದ, ‘ರೌಂಡ್ ದ ಕಾರ್ನರ್’ ಎಂದಷ್ಟೇ ಇದ್ದರೆ ಪ್ರಿಪೊಸಿಷನ್. ಹಳೆಯ ಇಂಗ್ಲಿಷಿನಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಬೇರೆ ಬೇರೆ ಪ್ರತ್ಯಯಗಳಿದ್ದವು. ಸುಮಾರು 1100ರ ಬಳಿಕ ಅವು ಕ್ರಮೇಣ ಸವೆದುಹೋದದ್ದರಿಂದ, ಒಂದೇ ರೂಪ ಹಲವು ಕೆಲಸಗಳಿಗೆ ಒದಗುವುದು ಸುಲಭವಾಯಿತು.

ಉತ್ತರ 2:
ಕನ್ನಡಕ್ಕೂ ಇದು ತೀರ ಹೊಸದಲ್ಲ. ‘ಹಾಡು’, ‘ಓದು’, ‘ನಡೆ’ ಇವೆಲ್ಲ ನಾಮಪದವೂ ಹೌದು, ಧಾತುವೂ ಹೌದು. ಆದರೆ ನಾವು ‘ಹಾಡನ್ನು’, ‘ಹಾಡಿದಳು’ ಎಂದು ಪ್ರತ್ಯಯ ಹಚ್ಚುವುದರಿಂದ ಗೊಂದಲವೇ ಉಳಿಯುವುದಿಲ್ಲ. ಎರವಲು ಪದಗಳಿಗೂ ನಮ್ಮದೇ ಕಟ್ಟಳೆ: ಕಬ್ಬನ್ ಪಾರ್ಕಿನ ‘ಪಾರ್ಕ್’ ನಾಮಪದ, ಆದರೆ ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸುವವರಿಗೆ ‘ಪಾರ್ಕ್ ಮಾಡಬೇಡಿ’ ಎನ್ನುವಾಗ ‘ಮಾಡು’ ಸೇರಲೇಬೇಕು. (ಸೇರಿಸಿ ಹೇಳಿದರೂ ಅವರು ಕೇಳುವುದಿಲ್ಲ, ಅದು ಬೇರೆ ಮಾತು.)

ಉತ್ತರ 3:
ಉಚ್ಚಾರಣೆಯನ್ನೂ ಗಮನಿಸಿ. ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ ಬೀಳುತ್ತದೆ. ‘ರೌಂಡ್’ಗೆ ಮಾತ್ರ ಈ ನೆರವು ಸಿಗುವುದಿಲ್ಲ.