ಮಕ್ಕಳ ಪುಸ್ತಕ ಬಹುಮಾನಕ್ಕೆ ತೀರ್ಪುಗಾರರಾಗಿದ್ದವರು ಯಾರಾದ್ರೂ ಇದೀರಾ? ಒಪ್ಕೊಳ್ಳೋ ಮುಂಚೆ ಸ್ವಲ್ಪ ಕೇಳ್ಬೇಕಿತ್ತು

ಸೋಮವಾರಪೇಟೆ_ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಹತ್ರ ಒಂದು ಹೈಸ್ಕೂಲಲ್ಲಿ ಕನ್ನಡ ಟೀಚರ್, ಶಾಲೆ ಲೈಬ್ರರಿನೂ ನಾನೇ ನೋಡ್ಕೊಳ್ತೀನಿ. ಬೆಂಗಳೂರಿನ ಒಂದು ಓದುಗರ ಬಳಗದವರು ಮಕ್ಕಳ ಪುಸ್ತಕಕ್ಕೂ ಹದಿಹರೆಯದವರ ಪುಸ್ತಕಕ್ಕೂ ಬಹುಮಾನ ಕೊಡ್ತಾರಂತೆ, ಮೊದಲ ಸುತ್ತಿಗೆ ತೀರ್ಪುಗಾರರಾಗಿ ಬನ್ನಿ ಅಂತ ಫೋನ್ ಮಾಡಿದ್ರು. ಸಂಭಾವನೆ ಇಲ್ಲ, ಅದು ಬೇಕಾಗಿಯೂ ಇಲ್ಲ. ಆದ್ರೆ ನವೆಂಬರಿಂದ ಜನವರಿ ಒಳಗೆ ನಲವತ್ತರ ಹತ್ರ ಪುಸ್ತಕ ಓದ್ಬೇಕು ಅಂತಾರೆ, ನಮ್ಗೆ ಹುತ್ತರಿ ಹಬ್ಬ ಮುಗೀತಿದ್ದಂಗೆ ಕಾಫಿ ಕೊಯ್ಲು ಶುರು, ಹಣ್ಣು ಕುಯ್ಸೋದು ಕಣದಲ್ಲಿ ಒಣಗ್ಸೋದು ಮೋಡ ಬಂದ್ರೆ ಓಡಿ ಟಾರ್ಪಾಲ್ ಹಾಕೋದು, ಇತ್ತ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸು. ಆಗುತ್ತಾ?

ಇನ್ನೊಂದು ಭಯ ಇದೆ. ನಾನು ವಿಮರ್ಶೆ ಬರೆದವಳಲ್ಲ. ಹತ್ತು ವರ್ಷದ ಮಗುಗೆ ಅಂತ ಬರೆದಿದ್ದನ್ನ ನಲವತ್ತೈದರ ನಾನು ಯಾವ ತಕ್ಕಡೀಲಿ ತೂಗ್ಲಿ? ಮತ್ತೆ ಪಟ್ಟೀಲಿ ನನ್ನ ಕಾಲೇಜ್ ಗೆಳತಿದೊಂದು ಪುಸ್ತಕ ಇದೆ, ಅದನ್ನೇನ್ ಮಾಡೋದು?

ಮಡಿಕೇರಿ_ಓದುಗ:
ಮೇಡಂ, ಗೆಳತಿ ವಿಷಯ ಮೊದಲು. ಇವತ್ತೇ ಬಳಗದವರಿಗೆ ಒಂದು ಮೇಲ್ ಹಾಕಿ ತಿಳಿಸ್ಬಿಡಿ, ಆ ಪುಸ್ತಕದ ಚರ್ಚೆ ಬಂದಾಗ ಎದ್ದು ಹೊರಗಿರಿ. ಆಮೇಲೆ ಗೊತ್ತಾದ್ರೆ ಪಾಪ ಗೆಳತಿ ಪುಸ್ತಕಕ್ಕೇ ಕೆಟ್ಟ ಹೆಸರು.

ಓದೋ ಭಾರ ನಿಜ, ಮೊದಲ ಸುತ್ತಿನವರಿಗೇ ಹೆಚ್ಚು. ಅಮೆರಿಕದಲ್ಲಿ ಮಕ್ಕಳ ಪುಸ್ತಕದ ಬಗ್ಗೆ ಬ್ಲಾಗ್ ಬರೆಯೋರು ಸೇರಿ 2006ರಲ್ಲಿ ಸಿಬಿಲ್ಸ್ ಅಂತ ಬಹುಮಾನ ಶುರು ಮಾಡಿದ್ರು, ತೀರ್ಪುಗಾರರೆಲ್ಲ ವಾಲಂಟಿಯರ್‌ಗಳೇ. ಅಕ್ಟೋಬರ್ 1ರಿಂದ 15ರವರೆಗೆ ಯಾರು ಬೇಕಾದ್ರೂ ಪುಸ್ತಕ ಸೂಚಿಸಬಹುದು, ಮೊದಲ ತಂಡ ಅಷ್ಟನ್ನೂ ಜರಡಿ ಹಿಡಿದು ಹೊಸ ವರ್ಷದ ದಿನಕ್ಕೆ ಕಿರುಪಟ್ಟಿ ಕೊಡುತ್ತೆ, ಇನ್ನೊಂದು ತಂಡ ಅದ್ರಲ್ಲಿ ಆರಿಸಿ ಫೆಬ್ರವರಿ 14ಕ್ಕೆ ಹೆಸರು ಹೇಳುತ್ತೆ. ನಿಮಗೆ ಕೇಳಿರೋದೂ ಅದೇ ಜರಡಿ ಕೆಲಸ. ನಾನಿದ್ದ ತಂಡದಲ್ಲಿ ಪುಸ್ತಕ ಹಂಚ್ಕೊಂಡಿದ್ವಿ, ಪ್ರತಿಯೊಂದನ್ನೂ ಕನಿಷ್ಠ ಇಬ್ಬರು ಪೂರ್ತಿ ಓದ್ಲೇಬೇಕು ಅಂತ ಮಾತಾಗಿತ್ತು. ನಿಮ್ಮವರಲ್ಲಿ ಹಾಗಿದೆಯಾ ಕೇಳಿ. ಓದಿದ ದಿನವೇ ನಾಲ್ಕು ಸಾಲು ಬರೆದಿಡಿ ಮೇಡಂ, ಇಪ್ಪತ್ತು ಪುಸ್ತಕ ಆದ್ಮೇಲೆ ಯಾವ ಅಜ್ಜಿ ಯಾವ ಕಥೇಲಿ ಬಂದ್ಲು ಅಂತಾನೇ ನೆನಪಿರಲ್ಲ.

ಗೋಣಿಕೊಪ್ಪ_ಅಕ್ಕ:
ತಕ್ಕಡಿ ಯಾವುದು ಅಂತ ಕೇಳಿದ್ರಲ್ಲ, ನಾನು ಮಕ್ಕಳ ಮುಂದೆ ಓದ್ತೀನಿ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗಿಂದ ಗ್ರಾಮ ಪಂಚಾಯ್ತಿ ಲೈಬ್ರರೀಲಿ 6ರಿಂದ 18 ವರ್ಷದ ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಇದೆಯಲ್ಲ, ನಮ್ಮೂರಲ್ಲಿ ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳೂ ಬರ್ತಾರೆ. ಒಂದು ಶನಿವಾರ ಒಂದು ಪುಸ್ತಕ ಓದ್ತಿದ್ದೆ, ಕಪ್ಪೆ ಬಾವಿಗೆ ಬೀಳೋ ತನಕ ಉಸಿರು ಬಿಡದೆ ಕೇಳಿದ್ರು, ಕೊನೇ ಎರಡು ಪುಟದಲ್ಲಿ ‘ಆದ್ದರಿಂದ ಮಕ್ಕಳೇ’ ಅಂತ ಶುರುವಾಯ್ತು ನೋಡಿ, ಮೂರನೇ ಕ್ಲಾಸಿನ ಹುಡುಗ ಒಬ್ಬ ಚೀಲ ಹೆಗಲಿಗೇರಿಸ್ಕೊಂಡು ಎದ್ದೇ ಬಿಟ್ಟ. ಕಥೆ ಮುಗೀತು ಅಂತ ಅವನಿಗೆ ಗೊತ್ತಾಯ್ತು, ಬರೆದವರಿಗೆ ಗೊತ್ತಾಗಿರ್ಲಿಲ್ಲ. ನನ್ನ ನೋಟ್‌ಬುಕ್ಕಲ್ಲಿ ಅದನ್ನೇ ಬರೆದೆ.

ಚಿತ್ರಪುಸ್ತಕ ಇದ್ರೆ ದಯವಿಟ್ಟು ಪಿಡಿಎಫ್ ಒಪ್ಕೋಬೇಡಿ, ಅಚ್ಚಾದ ಪ್ರತಿನೇ ಕಳಿಸಿ ಅನ್ನಿ. ಎರಡು ಪುಟ ಸೇರಿ ಒಂದು ಚಿತ್ರ ಇರುತ್ತೆ, ಫೋನಲ್ಲಿ ಆನೆ ಒಂದು ಪುಟದಲ್ಲಿ ಸೊಂಡಿಲು ಇನ್ನೊಂದು ಪುಟದಲ್ಲಿ ಆಗ್ಬಿಡುತ್ತೆ. ಪುಟ ತಿರುಗಿಸಿದಾಗ ಏನು ಕಾಣುತ್ತೆ ಅನ್ನೋದೇ ಚಿತ್ರಪುಸ್ತಕದ ಅರ್ಧ ಜೀವ.

ವಿರಾಜಪೇಟೆ_ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ, ಆದ್ರೆ ನಂದು ಸ್ವಲ್ಪ ತಕರಾರಿದೆ. ಮಕ್ಕಳು ನಕ್ಕ ಪುಸ್ತಕಕ್ಕೆಲ್ಲ ಅಂಕ ಹಾಕ್ತಾ ಹೋದ್ರೆ ಮೆಲ್ಲಗೆ ಮಾತಾಡೋ ಪುಸ್ತಕ ಹಿಂದೆ ಬೀಳುತ್ತೆ. ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ 1922ರಿಂದ ಕೊಡ್ತಿರೋ ನ್ಯೂಬೆರಿ ಪದಕದ ನಿಯಮದಲ್ಲೇ ಇದೆ, ಇದು ನೀತಿಬೋಧನೆಗೂ ಅಲ್ಲ ಜನಪ್ರಿಯತೆಗೂ ಅಲ್ಲ ಅಂತ. ಸಿಬಿಲ್ಸ್‌ನವರು ಬರವಣಿಗೆನೂ ಚೆನ್ನಾಗಿರ್ಬೇಕು ಮಕ್ಕಳಿಗೂ ಹಿಡಿಸ್ಬೇಕು ಅಂತಾರೆ. ನಿಮ್ಮ ಬಳಗದವರದ್ದು ಯಾವ ದಾರಿ ಅಂತ ಬರಹದಲ್ಲೇ ಕೇಳಿ ತಿಳ್ಕೊಳ್ಳಿ ಟೀಚರೇ, ಇಲ್ಲಾಂದ್ರೆ ಕೊನೇ ಮೀಟಿಂಗಲ್ಲಿ ಒಬ್ಬೊಬ್ರು ಒಂದೊಂದು ಅರ್ಥದಲ್ಲಿ ಜಗಳ ಆಡ್ತೀರಿ. ವಯಸ್ಸೂ ಕೇಳಿ. ಸಾಹಿತ್ಯ ಅಕಾಡೆಮಿ 2010ರಿಂದ ಕೊಡ್ತಿರೋ ಬಾಲ ಸಾಹಿತ್ಯ ಪುರಸ್ಕಾರ 9ರಿಂದ 16 ವರ್ಷದವರ ಪುಸ್ತಕಕ್ಕೆ, ಅಂಥ ಗೆರೆ ಇಲ್ಲದಿದ್ರೆ ಚಿತ್ರಪುಸ್ತಕಾನೂ ಕಾದಂಬರಿನೂ ಒಂದೇ ತಟ್ಟೇಲಿ ಕೂರುತ್ತೆ.

ಕೊಡಗಿನೋರು ಒಬ್ರು ಅಲ್ಲಿ ಕೂರ್ಬೇಕು ಅನ್ನೋಕೆ ನನಗೆ ಬೇರೆನೇ ಕಾರಣ ಇದೆ. ನಾನು ಕೆಲಸದಲ್ಲಿದ್ದಾಗ ಏಳನೇ ಕ್ಲಾಸಿಗೆ ಒಂದು ಕಥೆ ಓದಿಸ್ತಿದ್ದೆ, ಅದ್ರಲ್ಲಿ ಕಾಡಿನ ಹುಡುಗ ತಪ್ಪು ತಪ್ಪು ಕನ್ನಡ ಮಾತಾಡ್ತಾನೆ, ನಗಿಸೋಕೆ ಅಂತ್ಲೇ ಬರೆದಿದ್ದು. ಕ್ಲಾಸೆಲ್ಲ ನಕ್ತು. ಕಿಟಕಿ ಪಕ್ಕ ಕೂತಿದ್ದ ಯರವ ಬುಡಕಟ್ಟಿನ ಹುಡುಗಿ ಒಬ್ಳು ಪೆನ್ಸಿಲ್ಲಿಂದ ಡೆಸ್ಕ್ ಕೆರೀತಾ ತಲೆ ಎತ್ಲೇ ಇಲ್ಲ, ಮರುದಿನ ಸ್ಕೂಲಿಗೂ ಬರ್ಲಿಲ್ಲ. ಆ ಪುಸ್ತಕ ಅಲ್ಲೀವರೆಗೆ ನಂಗೂ ಇಷ್ಟವೇ ಆಗಿತ್ತು, ಅದು ಇವತ್ತಿಗೂ ನನ್ನ ಚುಚ್ಚುತ್ತೆ. ಮನೇಲಿ ಕೊಡವ, ಅರೆಭಾಷೆ, ಯರವ, ಮಲಯಾಳ ಮಾತಾಡಿ ಶಾಲೇಲಿ ಕನ್ನಡ ಓದೋ ಮಕ್ಕಳನ್ನ ದಿನಾ ನೋಡ್ತಿರೋರು ತೀರ್ಪುಗಾರರ ನಡುವೆ ಇದ್ರೆ ಇಂಥದ್ದು ಕಣ್ಣಿಗೆ ಬೀಳುತ್ತೆ. ವಿಮರ್ಶೆ ಬರೆದಿರೋರು ಆ ತಂಡದಲ್ಲಿ ಬೇರೆಯವರು ಇದ್ದೇ ಇರ್ತಾರೆ.

ಗೋಣಿಕೊಪ್ಪ_ಅಕ್ಕ:
ಮೇಷ್ಟ್ರೇ, ಇದನ್ನ ನಾನು ಯೋಚಿಸಿರ್ಲಿಲ್ಲ. ನಗು ಬಂದಾಗ ಯಾರು ನಗ್ಲಿಲ್ಲ ಅಂತಾನೂ ಇನ್ಮೇಲೆ ನೋಡ್ತೀನಿ.

ಸೋಮವಾರಪೇಟೆ_ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿನೇ ಮೇಲ್ ಹಾಕ್ದೆ, ಗೆಳತಿ ವಿಷಯ ಬರೆದೆ, ನಿಯಮ ಕೇಳ್ದೆ, ಇಪ್ಪತ್ತೈದಕ್ಕಿಂತ ಹೆಚ್ಚು ಪುಸ್ತಕ ಆಗಲ್ಲ ಅಂತಾನೂ ಹೇಳ್ದೆ. ಅದಕ್ಕೆ ಒಪ್ಪಿದಾರೆ, ಗೆಳತಿ ಪುಸ್ತಕ ಬೇರೆಯವರ ಪಾಲಿಗೆ ಹಾಕ್ತಾರಂತೆ. ಹದಿಹರೆಯದವರ ಕಾದಂಬರಿಗಳನ್ನ ಒಂಬತ್ತನೇ ಕ್ಲಾಸಿನ ನಾಲ್ಕು ಮಕ್ಕಳ ಕೈಗೂ ಕೊಟ್ಟು ನೋಡ್ತೀನಿ, ಅದ್ರಲ್ಲಿ ಇಬ್ರು ಲೈನ್ ಮನೆಯವರು. ಮೊದಲ ಪಾರ್ಸೆಲ್ ಕಾಫಿ ಹಣ್ಣಾಗೋ ಮುಂಚೆ ಕಳಿಸಿ ಅಂದಿದೀನಿ, ಕೊಯ್ಲು ಶುರುವಾದ್ರೆ ಕಣದ ಕಟ್ಟೆ ಮೇಲೆ ಕೂತೇ ಓದ್ಬೇಕು, ಹೇಗೂ ಅಲ್ಲಿ ಮೋಡ ನೋಡ್ಕೊಂಡು ಕೂರೋದು ಇದ್ದೇ ಇದೆ. ಮೇಷ್ಟ್ರೇ, ಆ ಹುಡುಗಿ ಆಮೇಲೆ ಶಾಲೆಗೆ ಬಂದ್ಲಾ?

ವಿರಾಜಪೇಟೆ_ಮೇಷ್ಟ್ರು:
ಬಂದ್ಲು ಟೀಚರೇ, ಮೂರನೇ ದಿನ ಅವಳ ಮನೆಗೇ ಹೋಗಿ ಕರ್ಕೊಂಡು ಬಂದೆ. ಹತ್ತನೇ ಕ್ಲಾಸ್ ಪಾಸಾಗಿದಾಳೆ.