ಮದುವೆ ವಿಡಿಯೋದಲ್ಲಿ ಅಜ್ಜಿಯ ಮಾತೇ ಇಲ್ಲ: ಸೌಂಡ್ ಮಿಕ್ಸಿಂಗ್ ಪ್ರಶ್ನೋತ್ತರ

ಸೌಂಡ್ ಇಂಜಿನಿಯರ್, ಮಡಿಕೇರಿ: ಎಡಿಟಿಂಗ್ ಸಾಫ್ಟ್‌ವೇರ್ ಒಳಗೇ ಸೌಂಡ್ ಮಿಕ್ಸ್ ಮಾಡುವವರು ಏನಿದ್ದರೂ ಇಲ್ಲಿ ಕೇಳಿ. ಪ್ರೀಮಿಯರ್, ಡಾವಿಂಚಿ ಯಾವುದಾದರೂ ಸರಿ. ಯಾವ ಮೈಕ್, ಯಾವ ಕೇಬಲ್ ಅಂತ ಮಾತ್ರ ತಪ್ಪದೆ ಬರೆಯಿರಿ.

ಕುಶಾಲನಗರದ ಸದಸ್ಯ: ಸರ್, ಯೂಟ್ಯೂಬ್‌ಗೆ ಸೌಂಡ್ ಎಷ್ಟಿರಬೇಕು?

ಇಂಜಿನಿಯರ್: ಒಟ್ಟು ಮಿಕ್ಸ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಆಸುಪಾಸು. ಟ್ರೂ ಪೀಕ್, ಅಂದರೆ ಅಲೆಯ ಅತಿ ಎತ್ತರದ ತುದಿ, ಮೈನಸ್ 1 ಡಿಬಿ ದಾಟಬಾರದು. ಮೈನಸ್ 14ಕ್ಕಿಂತ ಜೋರಾಗಿ ಕೊಟ್ಟರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ.

ಗೋಣಿಕೊಪ್ಪದ ಸದಸ್ಯ: ನನ್ನದು ವಿಚಿತ್ರ ಸಮಸ್ಯೆ. ಮದುವೆಯಲ್ಲಿ ಹುಡುಗಿಯ ಅಜ್ಜಿ ಮೈಕ್ ಹಿಡಿದು ಹರಸಿದ್ದಾರೆ. ನನ್ನ ಹೆಡ್‌ಫೋನ್‌ನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಮನೆಯವರು ಫೋನ್‌ನಲ್ಲಿ ನೋಡಿದರೆ ಅಜ್ಜಿಯ ಬಾಯಿ ಆಡುತ್ತದೆ, ಮಾತೇ ಇಲ್ಲ. ವಾಲಗ ಮಾತ್ರ ಜೋರಾಗಿ ಕೇಳಿಸುತ್ತದಂತೆ. ವಾಲ್ಯೂಮ್ ಎಷ್ಟು ಏರಿಸಿದರೂ ಅಷ್ಟೇ. ಅವರು ನನ್ನ ಮೇಲೆ ರೇಗಿದ್ದಾರೆ.

ವಿರಾಜಪೇಟೆಯ ಸದಸ್ಯ: ಫೋನ್ ಸ್ಪೀಕರ್ ಹಾಳಾಗಿರಬೇಕು. ಬೇರೆ ಫೋನ್‌ನಲ್ಲಿ ನೋಡಲು ಹೇಳಿ.

ಸಿದ್ದಾಪುರದ ಸದಸ್ಯ: ಇದನ್ನು ಮಾಡಿ, ನನಗೆ ಫಾರ್ವರ್ಡ್ ಬಂದದ್ದು: 'ಎಲ್ಲಾ ಟ್ರ್ಯಾಕ್ 0 ಡಿಬಿಗೆ ನಾರ್ಮಲೈಸ್ ಮಾಡಿ. ಡಿನಾಯ್ಸ್ 100ಕ್ಕೆ ಇಡಿ. ಮೇಲೆ ಲಿಮಿಟರ್ ಹಾಕಿ. ಯಾವ ಸೌಂಡ್ ಆದರೂ ಸಿನಿಮಾ ಥರ ಆಗುತ್ತದೆ.'

ಇಂಜಿನಿಯರ್: ಸಿದ್ದಾಪುರದವರೇ, ದಯವಿಟ್ಟು ಇದನ್ನು ಇನ್ನು ಯಾರಿಗೂ ಕಳಿಸಬೇಡಿ. ಎಲ್ಲಾ ಟ್ರ್ಯಾಕ್ 0ಗೆ ಏರಿಸಿದರೆ ಅವು ಸೇರಿದ ಜಾಗದಲ್ಲಿ ಮಾಸ್ಟರ್ (ಎಲ್ಲಾ ಟ್ರ್ಯಾಕ್ ಕೂಡಿದ ಒಟ್ಟು ಸೌಂಡ್) 0 ದಾಟುತ್ತದೆ; 0 ಅಂದರೆ ಗರಿಷ್ಠ ಮಿತಿ. ಆಮೇಲೆ ಲಿಮಿಟರ್ ಎಲ್ಲವನ್ನೂ ಅಮುಕಿ ಒಂದೇ ಮಟ್ಟಕ್ಕೆ ತರುತ್ತದೆ. ಡಿನಾಯ್ಸ್ (ಹಿನ್ನೆಲೆ ಸದ್ದು ಕಳೆಯುವ ಎಫೆಕ್ಟ್) 100 ಅಂದರೆ ಮಾತಿನ ಸ, ಶ, ತ ಎಲ್ಲ ಸದ್ದಿನ ಜೊತೆಗೇ ಹೋಗುತ್ತವೆ.

ಗೋಣಿಕೊಪ್ಪದವರು ಹೇಳಿ: ಅಜ್ಜಿಯ ಮೈಕ್ ಸೌಂಡ್ ನಿಮ್ಮ ಕ್ಯಾಮೆರಾಕ್ಕೆ ಹೇಗೆ ಬಂತು? ವಾಲಗ ಯಾವುದರಲ್ಲಿ ರೆಕಾರ್ಡ್ ಆಯಿತು?

ಗೋಣಿಕೊಪ್ಪದ ಸದಸ್ಯ: ಹಾಲ್‌ನ ಮಿಕ್ಸರ್‌ನಿಂದ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್) ಎಳೆದು 3.5 ಎಂಎಂ ಪಿನ್‌ಗೆ ಬದಲಿಸಿ ಕ್ಯಾಮೆರಾಕ್ಕೆ ಹಾಕಿದೆ. ವಾಲಗ ಎರಡನೇ ಕ್ಯಾಮೆರಾದ ಮೇಲಿನ ಮೈಕ್‌ನಲ್ಲಿ.

ಇಂಜಿನಿಯರ್: ಹಾಗಾದರೆ ಫೋನ್‌ನ ತಪ್ಪಲ್ಲ, ಕೇಬಲ್‌ನದ್ದು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನಮ್ಮ ಕಡೆ ಹಾಲ್ ಮಿಕ್ಸರ್‌ನಿಂದ ಸೌಂಡ್ ತಗೊಳ್ಳುವ ಎಲ್ಲರಿಗೂ ಇದು ಗೊತ್ತಿರಬೇಕು.

ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಔಟ್ ಬ್ಯಾಲೆನ್ಸ್ಡ್. ಅಂದರೆ ಒಂದೇ ಸಿಗ್ನಲ್ ಎರಡು ತಂತಿಗಳಲ್ಲಿ ಹೋಗುತ್ತದೆ. ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ಉದ್ದ ಕೇಬಲ್‌ನಲ್ಲಿ ನುಗ್ಗುವ ಗುಂಯ್ ಸದ್ದನ್ನು ಕಳೆಯಲು ಮಾಡಿದ ಏರ್ಪಾಡು ಅದು. ಆದರೆ ಕ್ಯಾಮೆರಾದ 3.5 ಎಂಎಂ ಜ್ಯಾಕ್ ಸ್ಟೀರಿಯೋ. ಅದು ನೇರ ತಂತಿಯನ್ನು ಎಡ ಅಂತ, ತಲೆಕೆಳಗಾದದ್ದನ್ನು ಬಲ ಅಂತ ರೆಕಾರ್ಡ್ ಮಾಡುತ್ತದೆ. ಹೆಡ್‌ಫೋನ್‌ನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋಗುವುದರಿಂದ ಮಾತು ಕೇಳಿಸುತ್ತದೆ. ಸರಿಯಾಗಿ ಗಮನಿಸಿ: ಅದು ನಡುವೆ ನಿಲ್ಲುವುದಿಲ್ಲ, ಎಲ್ಲೋ ತಲೆಯ ಹಿಂದಿನಿಂದ ಬಂದಂತಿರುತ್ತದೆ. ಒಂದೇ ಸ್ಪೀಕರ್ ಇರುವ ಫೋನ್ ಎಡ ಬಲ ಎರಡನ್ನೂ ಕೂಡಿಸುತ್ತದೆ. ಪ್ಲಸ್ಸಿಗೆ ಮೈನಸ್ ಸೇರಿ ಸೊನ್ನೆ. ಅದಕ್ಕೇ ಎಷ್ಟು ಏರಿಸಿದರೂ ಸೊನ್ನೆಯೇ. ವಾಲಗ ಬೇರೆ ಮೈಕ್‌ನಿಂದ ಬಂದದ್ದರಿಂದ ಉಳಿಯಿತು.

ಖಾತ್ರಿ ಮಾಡಿಕೊಳ್ಳಿ. ಟೈಮ್‌ಲೈನ್‌ನಲ್ಲಿ ಅಜ್ಜಿಯ ಒಂದೇ ಅಕ್ಷರ ಪರದೆ ತುಂಬುವಷ್ಟು ಝೂಮ್ ಮಾಡಿ. ಎಡ ಚಾನೆಲ್‌ನ ಅಲೆ ಮೇಲಕ್ಕೆ ಏಳುವ ಜಾಗದಲ್ಲೇ ಬಲದ್ದು ಅಷ್ಟೇ ಕೆಳಗಿಳಿದರೆ ಇದೇ ಕಾಯಿಲೆ.

ಸರಿಪಡಿಸುವುದು ಸುಲಭ. ಪ್ರೀಮಿಯರ್‌ನಲ್ಲಿ ಆ ಕ್ಲಿಪ್‌ಗೆ 'ಫಿಲ್ ರೈಟ್ ವಿತ್ ಲೆಫ್ಟ್' ಎಫೆಕ್ಟ್ ಹಾಕಿ. ಡಾವಿಂಚಿಯಲ್ಲಾದರೆ ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ ಆಡಿಯೋವನ್ನು ಮೋನೋ (ಒಂದೇ ಚಾನೆಲ್) ಮಾಡಿ, ಎಡ ಚಾನೆಲ್ ಒಂದನ್ನೇ ಇಟ್ಟುಕೊಳ್ಳಿ. ಎರಡನ್ನೂ ಕೂಡಿಸಿ ಮೋನೋ ಮಾಡಲು ಹೋಗಬೇಡಿ. ಫೋನ್ ಮಾಡಿದ್ದನ್ನೇ ನೀವೂ ಮಾಡಿದಂತಾಗುತ್ತದೆ. ಮುಂದಿನ ಸಲ ಬ್ಯಾಲೆನ್ಸ್ಡ್ ಸಿಗ್ನಲ್ ತಗೊಳ್ಳುವ ಎಕ್ಸ್‌ಎಲ್‌ಆರ್ ಇನ್‌ಪುಟ್ ಇರುವ ರೆಕಾರ್ಡರ್ ಇಡಿ. ಮಿಕ್ಸರ್‌ನಿಂದ ಬರುವುದು ಲೈನ್ ಲೆವೆಲ್ (ಮೈಕ್‌ನದ್ದಕ್ಕಿಂತ ಬಹಳ ಜೋರಾದ ಸಿಗ್ನಲ್), ಅದನ್ನು ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಒಡೆಯುತ್ತದೆ. ಅದನ್ನೂ ನೋಡಿಕೊಳ್ಳಿ.

ಅಜ್ಜಿಯ ಮಾತು ಇನ್ನೊಮ್ಮೆ ಸಿಗುವುದಿಲ್ಲ. ಮೂಲ ಫೈಲ್ ಅಳಿಸಬೇಡಿ.

ಗೋಣಿಕೊಪ್ಪದ ಸದಸ್ಯ: ಝೂಮ್ ಮಾಡಿ ನೋಡಿದೆ. ಕನ್ನಡಿಯಲ್ಲಿ ಇಟ್ಟ ಹಾಗೇ ಇದೆ! ಎಡದ್ದು ಮಾತ್ರ ಇಟ್ಟು ಕಳಿಸಿದೆ, ಫೋನ್‌ನಲ್ಲಿ ಮಾತು ಬಂತಂತೆ. ತುಂಬಾ ಉಪಕಾರ ಸರ್.

ವಿರಾಜಪೇಟೆಯ ಸದಸ್ಯ: ನನ್ನ ಫೋನ್‌ನಲ್ಲಿ ಇಂಥ ವಿಡಿಯೋ ಕೇಳಿಸುತ್ತದಲ್ಲ?

ಇಂಜಿನಿಯರ್: ನಿಮ್ಮದರಲ್ಲಿ ಎರಡು ಸ್ಪೀಕರ್ ಇರಬೇಕು.

ನಾಪೋಕ್ಲಿನ ಸದಸ್ಯ: ಪುತ್ತರಿ ಸುಗ್ಗಿ ಹಬ್ಬದ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಕೋವಿ ಹಾರಿಸಿದ್ದು ರೆಕಾರ್ಡ್ ಆಗಿದೆ. ಗುಂಡಿನ ಸದ್ದು ಒಡೆದಿದೆ. ಅದರ ಹಿಂದೆಯೇ 'ಪೊಲಿ ಪೊಲಿ ದೇವಾ' ಕೂಗು ಮೊದಲು ಬಲು ಮೆಲ್ಲಗಿದ್ದು ಆಮೇಲೆ ತಾನಾಗಿ ಜೋರಾಗುತ್ತದೆ.

ಇಂಜಿನಿಯರ್: ಕ್ಯಾಮೆರಾದಲ್ಲಿ ಆಟೋ ಗೇನ್ ಆನ್ ಇದೆ. ಗುಂಡಿನ ಸದ್ದಿಗೆ ಹೆದರಿ ಅದು ಮಟ್ಟ ಇಳಿಸಿತು, ಆಮೇಲೆ ನಿಧಾನವಾಗಿ ಏರಿಸಿತು. ಗುಂಡಿನ ಮರುಕ್ಷಣದಿಂದ ವಾಲ್ಯೂಮ್‌ಗೆ ಕೀಫ್ರೇಮ್ (ಆಯಾ ಕ್ಷಣದ ಮಟ್ಟದ ಗುರುತು) ಹಾಕಿ, ಮೊದಲು ಕೂಗನ್ನು ಏರಿಸಿ. ಅದು ಏರಿದ ಅಷ್ಟೇ ವೇಗದಲ್ಲಿ ನೀವು ಇಳಿಸುತ್ತಾ ಬನ್ನಿ. ಕಿವಿಯಲ್ಲೇ ಅಳೆಯಬೇಕು, ಪ್ರಿಸೆಟ್ ಇಲ್ಲ. ಗುಂಡಿನ ಅಲೆಯ ತುದಿ 0 ಡಿಬಿಯಲ್ಲಿ ಕತ್ತರಿಸಿಹೋಗಿದೆ, ಅದು ಪೂರ್ತಿ ಮರಳಿ ಬರುವುದಿಲ್ಲ. 5–6 ಡಿಬಿ ತಗ್ಗಿಸಿ ಹಾಗೇ ಬಿಡಿ. ಕೂಗು ಮುಖ್ಯ, ಅದನ್ನು ಉಳಿಸಿ. ಮುಂದಿನ ಪುತ್ತರಿಗೆ ಮ್ಯಾನುಯಲ್ ಗೇನ್ ಇಡಿ. ಕೂಗಿನ ಪೀಕ್ ಮೈನಸ್ 20ರ ಹತ್ತಿರ ಇದ್ದರೂ ತೊಂದರೆ ಇಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಆಗಿದ್ದರೆ ಆಮೇಲೆ ಏರಿಸಬಹುದು.

ಸೋಮವಾರಪೇಟೆಯ ಸದಸ್ಯ: ಯೂಟ್ಯೂಬ್‌ಗೆ ಎಷ್ಟು ಡಿಬಿ ಸರ್?

ಇಂಜಿನಿಯರ್: ಮೇಲೆ ಹೇಳಿದ್ದೇನೆ.

ಸಿದ್ದಾಪುರದ ಸದಸ್ಯ: ನನ್ನ ಕ್ಲೈಂಟ್‌ಗಳಿಗೆ ವಾಲಗ ಬೇಡ, ಸಿನಿಮಾ ಹಾಡು ಬೇಕು. ವಾಲಗದ ಟ್ರ್ಯಾಕ್ ಮ್ಯೂಟ್ ಮಾಡಿಯೇ ಕೊಡುತ್ತೇನೆ.

ನಾಪೋಕ್ಲಿನ ಸದಸ್ಯ: ವಾಲಗ ಇಲ್ಲದ ಕೊಡವ ಮದುವೆ ವಿಡಿಯೋ ಏನು ವಿಡಿಯೋ ಸ್ವಾಮಿ? ಜನ ಕುಣಿಯುವುದು ಕಾಣುತ್ತದೆ, ಕೇಳಿಸುವುದು ಬೇರೆ ಹಾಡು. ಹೆಜ್ಜೆಯೂ ಕೂಡುವುದಿಲ್ಲ.

ಸಿದ್ದಾಪುರದ ಸದಸ್ಯ: ದುಡ್ಡು ಕೊಡುವವರು ಅವರು, ನೀವಲ್ಲ.

ವಿರಾಜಪೇಟೆಯ ಸದಸ್ಯ: ಆ ಹಾಡಿಗೆ ಕಾಪಿರೈಟ್ ಕ್ಲೇಮ್ ಬಂದರೆ ಯಾರು ನೋಡುತ್ತಾರೆ?

ಸಿದ್ದಾಪುರದ ಸದಸ್ಯ: ಪಿಚ್ ಸ್ವಲ್ಪ ಬದಲಿಸಿದರೆ ಬರುವುದಿಲ್ಲ ಅಂತ ಕೇಳಿದ್ದೇನೆ. ಹೌದಾ ಸರ್?

ನಾಪೋಕ್ಲಿನ ಸದಸ್ಯ: ಇದೂ ಫಾರ್ವರ್ಡ್ ಬಂದದ್ದಾ?

ಸಿದ್ದಾಪುರದ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ಇಂಜಿನಿಯರ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕ್ಲೈಂಟ್ ಹಾಡು ಕೇಳಿದರೆ ಹಾಕಿ, ಆದರೆ ಕುಣಿಯುವ ಶಾಟ್‌ಗಳಿಗೆ ಅಲ್ಲಿನ ವಾಲಗವನ್ನೇ ಬಿಡಿ. ಮಾತು ಬಂದಾಗ ಮಾತ್ರ ವಾಲಗವನ್ನು 10–12 ಡಿಬಿ ತಗ್ಗಿಸಿ. ಮಾತಿಗೆ ಅರ್ಧ ಸೆಕೆಂಡ್ ಮೊದಲೇ ಇಳಿಯಲು ಶುರುವಾಗಲಿ, ಮುಗಿದ ಮೇಲೆ ಒಂದು ಸೆಕೆಂಡ್‌ನಲ್ಲಿ ಏರಲಿ. ಮ್ಯೂಟ್ ಮಾಡಿದ ಟ್ರ್ಯಾಕ್‌ನ ಪ್ರತಿಯನ್ನಾದರೂ ಆ ಮನೆಯವರಿಗೆ ಕೊಡಿ. ಇನ್ನು ಇಪ್ಪತ್ತು ವರ್ಷ ಆದ ಮೇಲೆ ಅವರು ಕೇಳುವುದು ಆ ವಾಲಗವನ್ನೇ.

ಭಾಗಮಂಡಲದ ಸದಸ್ಯ: ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ತಗೊಂಡ ಸಂದರ್ಶನ ಇದೆ. ಮಳೆ ಸದ್ದು ಪೂರ್ತಿ ತೆಗೆಯುವುದು ಹೇಗೆ?

ಇಂಜಿನಿಯರ್: ಪೂರ್ತಿ ತೆಗೆಯಲು ಹೋಗಬೇಡಿ. ಮಳೆ ಸದ್ದು ಮಾತು ಇರುವ ಎಲ್ಲಾ ಫ್ರೀಕ್ವೆನ್ಸಿಗಳಲ್ಲೂ ಹರಡಿರುತ್ತದೆ, ಮೇಲಾಗಿ ಹೊತ್ತು ಹೊತ್ತಿಗೆ ಬದಲಾಗುತ್ತದೆ. 80 ಹರ್ಟ್ಸ್‌ನಲ್ಲಿ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ದಪ್ಪ ಸದ್ದು ಕತ್ತರಿಸುವುದು) ಹಾಕಿ. ಡಿನಾಯ್ಸ್‌ನಲ್ಲಿ 6–8 ಡಿಬಿ ಮಾತ್ರ ಇಳಿಸಿ. ಆರಂಭದಲ್ಲೇ ಮಳೆ ತೋರಿಸುವ ಒಂದು ಶಾಟ್ ಇಡಿ, ಆಗ ನೋಡುವವರಿಗೆ ಅದು ಅಡ್ಡಿ ಅನ್ನಿಸುವುದಿಲ್ಲ.

ಸಿದ್ದಾಪುರದ ಸದಸ್ಯ: ಎಐ ಆ್ಯಪ್‌ಗೆ ಹಾಕಿದರೆ ಒಂದೇ ನಿಮಿಷದಲ್ಲಿ ಎಲ್ಲ ಕ್ಲೀನ್.

ಇಂಜಿನಿಯರ್: ಹಾಕಿ ನೋಡಿ, ಆದರೆ ಪ್ರತಿ ವಾಕ್ಯ ಕೇಳಿ. ಮಾತಿಗಿಂತ ಮಳೆ ಜೋರಿದ್ದ ಕಡೆ ಆ್ಯಪ್ ಅಕ್ಷರ ನುಂಗುತ್ತದೆ, ಕೆಲವೊಮ್ಮೆ ಬೇರೆಯೇ ಉಚ್ಚಾರ ಕೊಡುತ್ತದೆ. ಕೊಡವ ತಕ್ಕ್, ಅರೆಭಾಷೆಯಲ್ಲಿ ಮಾತಾಡಿದ್ದರೆ ಇನ್ನೂ ಹುಷಾರಾಗಿರಿ. ಹಿರಿಯರು ಆಡದ ಮಾತನ್ನು ಅವರ ಬಾಯಿಗೆ ಹಾಕಬಾರದು.

ಕುಶಾಲನಗರದ ಸದಸ್ಯ: ಫೋನ್‌ನಲ್ಲಿ ತೆಗೆದ ವಿಡಿಯೋ, ಬೇರೆ ರೆಕಾರ್ಡರ್‌ನ ಸೌಂಡ್. ಶುರುವಲ್ಲಿ ಕೂಡುತ್ತದೆ, ಕೊನೆಗೆ ತುಟಿಯೇ ಬೇರೆ ಮಾತೇ ಬೇರೆ.

ಇಂಜಿನಿಯರ್: ಫೋನ್ ವಿಡಿಯೋದ ಫ್ರೇಮ್ ರೇಟ್ ಏರಿಳಿಯುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಬದಲಾಗದ) ಫ್ರೇಮ್ ರೇಟ್‌ಗೆ ತಂದು ಆಮೇಲೆ ಟೈಮ್‌ಲೈನ್‌ಗೆ ಹಾಕಿ. ರೆಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲಿರಲಿ.

ಸುಂಟಿಕೊಪ್ಪದ ಸದಸ್ಯ: ಕಡಿಮೆ ಬೆಲೆಗೆ ಒಳ್ಳೆ ಕಾಲರ್ ಮೈಕ್ ಯಾವುದು?

ಸೋಮವಾರಪೇಟೆಯ ಸದಸ್ಯ: ಮಡಿಕೇರಿ ದಸರಾ ಮಂಟಪಗಳ ಮುಂದೆ ಎಲ್ಲಾ ಸೌಂಡ್ ಒಡೆಯುತ್ತದೆ. ಏನು ಮಾಡುವುದು? ಮತ್ತೆ, ಆ ಯೂಟ್ಯೂಬ್ ಲೆವೆಲ್ ಮೇಲೆ ಎಲ್ಲಿದೆ, ಸಿಗುತ್ತಿಲ್ಲ.

ಇಂಜಿನಿಯರ್: ಮೊದಲನೇ ಉತ್ತರ. ಓದಿ.

ಸೋಮವಾರಪೇಟೆಯ ಸದಸ್ಯ: ಕೇಳಿದ್ದಕ್ಕೆ ಹೀಗೆ ಹೇಳಬೇಕಾ?

ಇಂಜಿನಿಯರ್: ನನಗೆ ಕೆಲಸ ಇದೆ. ಕ್ಲಿಪ್ ಕಳಿಸುವವರು ಮೂಲ ಫೈಲ್ ಕಳಿಸಿ. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಸೌಂಡ್ ಕುಗ್ಗಿರುತ್ತದೆ, ಅದನ್ನು ಕೇಳಿ ಏನೂ ಹೇಳಲಾಗದು.

ಭಾಗಮಂಡಲದ ಸದಸ್ಯ: ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಬಹುದಾ?

ಇಂಜಿನಿಯರ್: ಕಳಿಸಿ. 2 ಜಿಬಿ ಒಳಗಿರಲಿ.